ಗಾದಿಗೆ ಬಡಿದ ಗೋಲಿ

...ಅಥವಾ ಅದು ಬಣ್ಣವೇ ಅಲ್ಲದಿರಬಹುದು. ಝುಣಕದ ಅರಿಶಿಣವೂ ಇರಬಹುದು. ಬಿಳಿ ಅಂಗಿಯ ಕಾಲರಿನ ಹಿಂದೆ ಉಗುರಿನಷ್ಟಗಲದ ಒಂದು ಹಳದಿ ಕಲೆ. ಅಂಗಿ ಎರಡು ತಿಂಗಳಿನಿಂದ ಚೀಲವೊಂದರ ತಳದಲ್ಲಿ ಕ್ಯಾನ್ವಾಸ್ ಬೂಟಿನ ಜೊತೆ ಸಂಸಾರ ಮಾಡಿಕೊಂಡಿತ್ತು. ನಿನ್ನೆ ಬೂಟು ಹುಡುಕಲು ಹೋದಾಗ ಸಿಕ್ಕಿತು. ನಿನ್ನೆಯೋ, ಮೊನ್ನೆಯೋ. ಇಷ್ಟು ಹತ್ತಿರದ್ದೇ ನನಗೆ ಖಾತ್ರಿಯಿಲ್ಲ ಅಂದಮೇಲೆ ಮುಂದೆ ಹೇಳಲಿರುವ ಐವತ್ತು ವರ್ಷದ ಹಿಂದಿನ ಮಾತನ್ನು ನೀವು ಎಷ್ಟರಮಟ್ಟಿಗೆ ನಂಬಬೇಕೋ ನಿಮಗೇ ಬಿಟ್ಟದ್ದು.

"ಪೇಂಟ್‌ಬಾಲ್ ಬಣ್ಣ ಇದು," ಎಂದು ನನ್ನ ಹೆಂಡತಿ ಗಿರಿಜಾಗೆ ತೋರಿಸಿದೆ, ಯುದ್ಧದಲ್ಲಿ ಆದ ಗಾಯ ತೋರಿಸುವವನ ಹಾಗೆ.

"ಝುಣಕಾ," ಎಂದಳು ಅವಳು, ಅಂಗಿಯ ಕಡೆ ನೋಡದೆಯೇ.

"ಝುಣಕಾ ಕುತ್ತಿಗಿ ಹಿಂದ ಹೆಂಗ ಹತ್ತತೈತಿ?"

"ನೀವು ಉಣ್ಣೂದು ನೋಡಿದ್ರ ಎಲ್ಲಿ ಬೇಕಾದ್ರೂ ಹತ್ತತೈತಿ. ಸೋಪು ಹಚ್ಚಿ ನೋಡ್ರಿ. ಅರಿಶಿಣ ಇದ್ರ ಕೆಂಪಗಾಕ್ಕೈತಿ, ಬಣ್ಣಾ ಇದ್ರ ನೀರಾಗ ಹೋಕ್ಕೈತಿ. ಇದಕ್ಯಾಕ ಇಷ್ಟು ವಿಚಾರ?"

ವಿಚಾರ ಇದೆ. ಬಚ್ಚಲು ಇಲ್ಲಿಂದ ಹತ್ತು ಹೆಜ್ಜೆ. ಸೋಪು ಅಲ್ಲೇ ಇದೆ. ನಾನು ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಇದನ್ನು ಬರೆಯಲು ಕೂತಿದ್ದೇನೆ. ಯಾಕೆ ಎಂದು ತಿಳಿಯಬೇಕಾದರೆ ದಸ್ತಗೀರನನ್ನು ಹೇಳಬೇಕು.

ದಸ್ತಗೀರ ನನ್ನ ಜೊತೆ ನಮ್ಮೂರು ಬೀಡಿಯ ಶಾಲೆಯಲ್ಲಿ ಓದಿದವನು. ಈಗ ಖಾನಾಪುರದಲ್ಲಿ ಅವನದೊಂದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡುವುದು ಅವರ ಮನೆತನದ ಕೆಲಸ. ಖಾನಾಪುರದಿಂದ ಬೆಳಗಾವಿಯವರೆಗೆ ಅರ್ಧ ಮಂದಿಗೆ ನಿದ್ದೆ ಬರುವುದು ತನ್ನಿಂದಲೇ ಎಂದು ಹೇಳಿಕೊಳ್ಳುತ್ತಾನೆ. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಗಾದಿಯೂ ಅವನದೇ. ಅದರ ನಡುವಿನ ಗಂಟಿನ ಬಗ್ಗೆ ಗಿರಿಜಾಗೆ ತಕರಾರಿದೆ, ಅದು ಬೇರೆ ಮಾತು.

ಇಂಥ ದಸ್ತಗೀರನಿಗೆ ಬೀಡಿಯಲ್ಲಿ ಒಂದು ಅಡ್ಡಹೆಸರಿದೆ: ಸುಳ್ಳ ದಸ್ತ್ಯಾ. ಅದನ್ನು ಕೊಡಿಸಿದವನು ನಾನು.

ಆರನೆಯ ಇಯತ್ತೆಯಲ್ಲಿ ಇರಬೇಕು. ಶಾಲೆಯ ಮುಂದಿನ ಬಯಲು, ಲಗೋರಿ ಆಟ. ಕಲ್ಲು ಏಳೋ ಐದೋ ಎಂಬುದರಲ್ಲಿ ಇವತ್ತಿಗೂ ನಮ್ಮಿಬ್ಬರ ನಡುವೆ ಒಮ್ಮತವಿಲ್ಲ. ಬೀಡಿಯಲ್ಲಿ ಏಳು ಇಡುತ್ತಿದ್ದೆವು ಅಂತ ನನ್ನ ವಾದ. ಏಳು ಇಡುತ್ತಿದ್ದುದು ಖಾನಾಪುರದ ಪ್ಯಾಟಿ ಹುಡುಗರು, ನಮಗೆ ಐದು ಚಪ್ಪಟೆ ಕಲ್ಲು ಸಿಕ್ಕರೆ ಅದೇ ದೊಡ್ಡದು ಅಂತ ಅವನದು. ಇರಲಿ. ಬಿದ್ದ ಕಲ್ಲುಗಳನ್ನು ಪೇರಿಸಿ ಕೊನೆಯದನ್ನು ಇಡಲು ನಾನು ಬಗ್ಗಿದ್ದೆ. ಅವನು ಹಳೇ ಅರಿವಿ ಸುತ್ತಿದ ಚೆಂಡು ಒಗೆದ. "ಬೆನ್ನಿಗೆ ಬಡೀತು, ನೀ ಔಟ್," ಎಂದ. ಬಡಿದಿಲ್ಲ ಎಂದೆ. ಕೂಗಾಟವಾಯಿತು. ಮಾಸ್ತರರು ಬಂದರು. ಅವನು ಅಳುತ್ತ ಆಣೆ ಹಾಕಿದ. ಮಾಸ್ತರರು ನನ್ನನ್ನು ಕೇಳಿದರು. "ಬಡದಿಲ್ರೀ ಸರ್," ಎಂದೆ, ಗಟ್ಟಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು. ಮಾಸ್ತರರು ಅಳುವವನನ್ನು ಬಿಟ್ಟು ಅಳದವನನ್ನು ನಂಬಿದರು.

ಅಂದಿನಿಂದ ಅವನು ಸುಳ್ಳ ದಸ್ತ್ಯಾ. ಶಾಲೆ ಮುಗಿಯಿತು, ಮಾಸ್ತರರು ಹೋದರು, ಬಯಲಿನಲ್ಲಿ ಕಟ್ಟಡ ಎದ್ದಿತು, ಹೆಸರು ಮಾತ್ರ ಉಳಿಯಿತು. ಅವನು ಬೀಡಿಗೆ ಗಾದಿ ಹೊತ್ತು ಹೋದರೆ ಇವತ್ತಿಗೂ ಯಾರಾದರೂ ಅದನ್ನು ಒತ್ತಿ ನೋಡಿ ಕೇಳುತ್ತಾರೆ: "ಇದರಾಗ ಹತ್ತಿ ತುಂಬೀಯೋ, ಸುಳ್ಳ ತುಂಬೀಯೋ?" ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. ಆಮೇಲೆ ನನಗೆ ಫೋನು ಮಾಡುತ್ತಾನೆ.

"ಬಸ್ಯಾ, ಬಡದಿತ್ತೋ ಇಲ್ಲೋ?"

ನೀವು ಅನ್ನಬಹುದು, ಬಡಿದಿತ್ತು ಎಂದು ಹೇಳಿ ಮುಗಿಸಬಾರದೇ? ಹೇಳಬಹುದಿತ್ತು. ತೊಂದರೆ ಏನೆಂದರೆ ನನಗೆ ಗೊತ್ತಿಲ್ಲ. ನಾನು ಮೂವತ್ತು ವರ್ಷ ಹೊಲಗಳನ್ನು ಅಳೆದ ಸರ್ವೇಯರ್. ಎರಡು ಹೊಲದವರು ಎದುರುಬದುರು ನಿಂತು ಒಂದೇ ಗಡಿಯ ಬಾಂದಗಲ್ಲನ್ನು ಎರಡು ಬೇರೆ ಜಾಗದಲ್ಲಿ ಕಣ್ಣಾರೆ ಕಂಡದ್ದನ್ನು ನಾನು ಕಂಡಿದ್ದೇನೆ. ಇಬ್ಬರೂ ಸುಳ್ಳರಲ್ಲ. ನೆನಪು ಅನ್ನುವುದು ಬಾಂದಗಲ್ಲಿನ ಹಾಗೆ ಹೂತು ಕೂತಿರುವುದಿಲ್ಲ, ಪ್ರತಿ ಮಳೆಗಾಲಕ್ಕೆ ಒಂದು ಮೊಳ ಸರಿಯುತ್ತದೆ. ದಸ್ತಗೀರ ಇಷ್ಟು ವರ್ಷ ಕೇಳಿ ಕೇಳಿ ಈಗ ಅವನ ಫೋನು ಬಂದರೆ ಸಾಕು, ನನ್ನ ಬೆನ್ನಿನಲ್ಲಿ ಚೆಂಡು ಬಡಿದ ಹಾಗೆ ಆಗುತ್ತದೆ. ಅದು ಅಂದಿನ ಚೆಂಡೋ, ಫೋನಿನ ಚೆಂಡೋ, ಹೇಗೆ ಹೇಳಲಿ?

ಅವನ ನೆನಪೂ ಅಷ್ಟೇನು ಗಟ್ಟಿಯಲ್ಲ ಅನ್ನಿ. ಬೋರ್‌ವೆಲ್ ಪಂಪಿನ ಹತ್ತಿರ ನಿಂತು ಒಗೆದೆ ಅನ್ನುತ್ತಾನೆ. ಪಂಪು ಬಂದದ್ದು ನಾವು ಶಾಲೆ ಬಿಟ್ಟ ಮೇಲೆ. ಹಾಗೆಂದು ಹೇಳಿದರೆ, "ಪಂಪು ಆಮ್ಯಾಲೆ ಬಂದಿರಬಹುದು, ಚೆಂಡು ಅವಾಗ ಬಡದಿತ್ತು," ಅನ್ನುತ್ತಾನೆ.

ಕಳೆದ ವರ್ಷ ದೀಪಾವಳಿ ಆದಮೇಲೆ ಬಂದ ಫೋನು ಬೇರೆ ಥರದ್ದು.

"ಬಸ್ಯಾ, ನಮ್ಮ ರುಬೀನಾ ದೇಸೂರದಾಗ ಆಟದ ಮೈದಾನ ಮಾಡ್ಯಾಳ. ಬಂದೂಕಿನಾಗ ಬಣ್ಣದ ಗೋಲಿ ಹಾಕಿ ಹೊಡದಾಡೂ ಆಟ. ಐತವಾರ ನಿಮ್ಮ ವಾಕಿಂಗ್ ಮಂದೀನ ಕರಕೊಂಡ ಬಾ. ಗಿರಿಜಾ ವೈನಿನ್ನೂ ಕರಕೊಂಡ ಬಾ."

ರುಬೀನಾ ಅವನ ಅಣ್ಣನ ಮಗಳು. ಬೆಳಗಾವಿಯಲ್ಲಿ ಓದಿ, ನಾಲ್ಕಾರು ಕಡೆ ಕೆಲಸ ಮಾಡಿ, ಯಾರನ್ನೂ ಕೇಳದೆ ದೇಸೂರ ಸ್ಟೇಷನ್ನಿನ ಆಚೆ ಭತ್ತ ಕೊಯ್ದ ಗದ್ದೆಯೊಂದನ್ನು ಹಿಡಿದು ಪೇಂಟ್‌ಬಾಲ್ ಮೈದಾನ ಮಾಡಿದವಳು.

"ನನ್ನ ವಯಸ್ಸಿಗೆ ಇದೆಲ್ಲಾ ಯಾಕಲೇ?" ಎಂದೆ.

ಅವನು ವಿಷಯಕ್ಕೆ ಬಂದ. "ಹ್ವಾದ ವಾರ ಬೀಡ್ಯಾಗ ಒಂದು ಮದಿವಿ ಇತ್ತು. ರುಬೀನಾ ಬಾಜು ಕುಂತಿದ್ಳು. ಯಾವನೋ ಒಬ್ಬ ಹಂಗ ಕರದ. ಆಕಿ ಕೇಳಿದ್ಳು, 'ಚಾಚಾ, ನಿಮಗ್ಯಾಕ ಸುಳ್ಳ ಅಂತಾರ?' ನಾ ಏನ್ ಹೇಳ್ಲಿ? ಅಪ್ಪ ಇಲ್ಲದ ಹುಡುಗಿ, ನನ್ನ ಮಾತು ನಂಬಿ ಬೆಳದಾಳ. ನೀ ಆಕಿ ಮುಂದ ಒಮ್ಮೆ ಒಪ್ಕೋ. ಒಮ್ಮೆ. ಅಷ್ಟ."

"ನೆನಪಿಲ್ಲಪಾ."

"ಅದಕ್ಕ ಹೇಳಿದ್ದು, ಈ ಆಟಕ್ಕ ಬಾ ಅಂತ. ಇಲ್ಲಿ ಬಣ್ಣಾ ಹತ್ತತೈತಿ. ಇಲ್ಲ ಅನ್ನಾಕ ಬರಾಂಗಿಲ್ಲ. ಇವತ್ತ ನಾ ನಿನಗ ಒಂದು ಬಡದ್ನಿ ಅಂದ್ರ ಆವತ್ತಿಂದೂ ಬಡದಿತ್ತು ಅಂತ ಆಕಿ ಮುಂದ ಹೇಳಬೇಕು. ಆತಿಲ್ಲೋ?"

ಇವತ್ತಿನ ಕಲ್ಲಿನಿಂದ ಹಳೆಯ ಗಡಿ ಅಳೆಯುವುದು ಯಾವ ಸರ್ವೇ ಕೈಪಿಡಿಯಲ್ಲೂ ಇಲ್ಲ. ಆದರೂ ಆಯಿತು ಎಂದೆ. ಅವನು ನನಗೆ ಹೊಡೆಯಲಾರ ಎಂಬ ಧೈರ್ಯವೂ ಇತ್ತು ಅನ್ನಿ. ಅವನ ಕನ್ನಡಕದ ನಂಬರು ನನಗೆ ಗೊತ್ತು.

ಹೋದೆವು. ನಾನು, ಗಿರಿಜಾ ಸೇರಿ ನಮ್ಮ ಕಡೆ ಆರು ಮಂದಿ, ಸದಾಶಿವನಗರದಲ್ಲಿ ಬೆಳಿಗ್ಗೆ ನಡೆಯುವವರು. ಅವರಲ್ಲಿ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದ ದೇಸಾಯರು. ದಸ್ತಗೀರನ ಕಡೆಯೂ ಆರು, ಅವನ ನೆಂಟರು ಮತ್ತು ಅಂಗಡಿಯಲ್ಲಿ ಗಾದಿ ಹೊಲಿಯುವವರು. ಅಂಗಿಯ ಮೇಲೆ ಹಾಕಿಕೊಳ್ಳಲು ಹಸಿರು ಮಚ್ಚೆಯ ನಿಲುವಂಗಿ, ಮುಖಕ್ಕೆ ಮುಖವಾಡ, ಕೈಗೆ ಬಂದೂಕು ಕೊಟ್ಟರು. ಬಂದೂಕು ಅನ್ನಬಾರದಂತೆ, ಮಾರ್ಕರ್ ಅನ್ನಬೇಕಂತೆ. ಗೋಲಿಯೊಳಗಿನ ಬಣ್ಣ ಎರಡೂ ಕಡೆಗೆ ಒಂದೇ, ಹಳದಿ. ಇದನ್ನು ನೆನಪಿಟ್ಟುಕೊಳ್ಳಿ.

ರುಬೀನಾ ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು.

"ಕಾಕಾ, ಕಾಕೂ, ಎಲ್ಲಾರೂ ಕೇಳ್ರಿ. ತಲಿ ತುರಸ್ಲಿ, ಮೂಗು ತುರಸ್ಲಿ, ಮಾಸ್ಕ್ ತಗೀಬ್ಯಾಡ್ರಿ. ಗೋಲಿ ಬಡದು ಒಡದ್ರ ಔಟ್. ಬಡದೂ ಒಡೀಲಿಲ್ಲಂದ್ರ ಔಟ್ ಅಲ್ಲ. ಎಲ್ಲೋ ಬಡದು ಪುಟದು ಬಂದು ನಿಮಗ ಬಡದ್ರೂ ಔಟ್ ಅಲ್ಲ. ಬಡಸ್ಕೊಂಡಾವರು ತಾವ ಕೈ ಎತ್ತಿ ಹೊರಗ ಬರಬೇಕು. ಒಮ್ಮೆ ಕೈ ಎತ್ತಿದ್ರಿ ಅಂದ್ರ ಮುಗೀತು, ಬಣ್ಣಾ ಇರ್ಲಿ ಬಿಡ್ಲಿ, ಔಟ್."

ದಸ್ತಗೀರ ಮುಖವಾಡದೊಳಗಿಂದ ನನ್ನ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ ಬಸ್ಯಾ? ತಾವ ಕೈ ಎತ್ತಬೇಕಂತ."

ಮೈದಾನದ ತುಂಬ ಅಡಗಲು ಆಸರೆಗಳು ಬೇಕಾಗುತ್ತವೆ. ರುಬೀನಾ ಹಳೆಯ ಟಾಯರು, ಡ್ರಮ್ಮು, ಹಲಗೆ ತರಿಸಬೇಕೆಂದಿದ್ದಳು. ಅವಳ ಚಾಚಾ ಬಿಡಲಿಲ್ಲ. "ಯಾರರ ಬಿದ್ದು ಕೈಕಾಲು ಮುರಕೊಂಡ್ರ?" ಎಂದು ಅಂಗಡಿಯಿಂದ ಗಾದಿಗಳನ್ನು ತಂದು ಬಿದಿರಿಗೆ ಕಟ್ಟಿ ಗದ್ದೆ ತುಂಬ ನಿಲ್ಲಿಸಿದ್ದ. ಪಟ್ಟೆ ಗಾದಿ, ಹೂವಿನ ಗಾದಿ, ಮದುವೆಗೆ ಹೊಲಿದು ಮದುವೆ ಮುರಿದು ಉಳಿದ ಕೆಂಪು ಸಾಟಿನ್ ಗಾದಿ. ಶತ್ರುವಿನ ಮೊಣಕಾಲಿಗೆ ನೋವಾಗಬಾರದೆಂದು ರಣರಂಗಕ್ಕೇ ಹಾಸಿಗೆ ತಂದ ಸೇನಾಪತಿ ಇವನೊಬ್ಬನೇ ಇರಬೇಕು.

ಆದರೆ ಗೋಲಿ ಒಡೆಯಲು ಗಟ್ಟಿಯಾದದ್ದೇನಾದರೂ ಬೇಕು. ಗಾದಿಗೆ ಬಡಿದ ಗೋಲಿ ಒಡೆಯುವುದಿಲ್ಲ. ಮೆತ್ತಗೆ ಒಳಗೆ ಹೋಗಿ, ಸ್ವಲ್ಪ ಯೋಚಿಸಿ, ವಾಪಸು ಬರುತ್ತದೆ. ಅರ್ಧ ತಾಸಿನಲ್ಲಿ ಗದ್ದೆ ತುಂಬ ಹಳದಿ ಗೋಲಿಗಳು ಉರುಳಾಡತೊಡಗಿದವು. ಯಾರಿಗೆ ಯಾವುದು ಬಡಿಯಿತು, ನೇರ ಬಂತೋ ಗಾದಿಯಿಂದ ಬಂತೋ ಎಂದು ಪ್ರತಿ ನಿಮಿಷಕ್ಕೆ ಪಂಚಾಯತಿ. ರುಬೀನಾ ಹಣೆ ಹಣೆ ಬಡಿದುಕೊಂಡಳು, ಅದೂ ಮುಖವಾಡದ ಮೇಲೆ.

ಮೊದಲನೆಯ ಆಟ ಸರಳ. ಒಂದು ಕಡೆಯವರೆಲ್ಲ ಔಟಾಗುವ ತನಕ ಹೊಡೆದಾಡುವುದು. ಇದಕ್ಕೆ ಹತ್ತು ನಿಮಿಷ ಸಾಕು ಎಂದಳು ರುಬೀನಾ. ಅವಳಿಗೆ ನಮ್ಮ ಮಂದಿಯ ಮರ್ಯಾದೆ ಗೊತ್ತಿರಲಿಲ್ಲ. ದಸ್ತಗೀರನ ಕಡೆಯವರು ಯಾರನ್ನೇ ಹೊಡೆಯುವ ಮುಂಚೆ ಗಾದಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು: "ಸರ್, ಹೊಡೀಲೇನ್ರಿ?" ನಮ್ಮವರು, "ಇಲ್ರಿ, ಮೊದ್ಲ ನೀವು," ಅನ್ನುತ್ತಿದ್ದರು. ಅವರು ಒಪ್ಪುತ್ತಿರಲಿಲ್ಲ. ಮದುವೆ ಮನೆಯಲ್ಲಿ ಬೀಗರು ಊಟದ ಪಂಕ್ತಿಗೆ ಒಬ್ಬರನ್ನೊಬ್ಬರು ನೂಕುವ ಹಾಗೆ ಸಾವಿನ ಕಡೆ ನೂಕಾಡುತ್ತಿದ್ದೆವು. ಮರ್ಯಾದೆ ಗೊತ್ತಿಲ್ಲದವಳು ಗಿರಿಜಾ ಒಬ್ಬಳೇ. "ಹೊಡೀಲೇನ್ರಿ" ಎಂದು ಕೇಳಲು ಯಾರು ತಲೆ ಹೊರಗೆ ಹಾಕಿದರೋ ಅವರನ್ನು ಹೊಡೆದಳು. ಮೂರು ಮಂದಿ ಹಾಗೆ ಹೋದರು.

ಅಷ್ಟರಲ್ಲಿ ದೇಸಾಯರು ಕೆಂಪು ಸಾಟಿನ್ ಗಾದಿಯ ಹಿಂದೆ ಅಡಗಲು ಹೋದವರು ಅದಕ್ಕೆ ಒರಗಿ ನಿದ್ದೆ ಹೋಗಿದ್ದರು. ಎದೆಯ ಮೇಲೆ ಬಂದೂಕು, ಮುಖವಾಡದೊಳಗೆ ಗೊರಕೆ. ಗಾದಿ ಹೊಲಿಯುವವನೊಬ್ಬ ಅವರ ಹತ್ತಿರದವರೆಗೆ ಹೋಗಿ, "ಮಲಗಿದಾವರಿಗೆ ಹೆಂಗ ಹೊಡಿಯೂದು," ಎಂದು ತಿರುಗಿ ಬರುವಾಗ ಗಿರಿಜಾ ಅವನನ್ನೂ ಮುಗಿಸಿದಳು. ಎಬ್ಬಿಸಿ ಗೆದ್ದಿರೆಂದು ಹೇಳಿದರೆ ದೇಸಾಯರು ಕೇಳಿದ್ದು ಒಂದೇ ಮಾತು: "ಈ ಗಾದಿ ಮಾರಾಟಕ್ಕ ಐತೇನ್ರಿ?"

ಆಮೇಲೆ ಬೇರೆ ಬೇರೆ ಆಟ ಆಡಿಸಿದಳು. ಒಂದರಲ್ಲಿ ಒಬ್ಬ ಗಣ್ಯ ವ್ಯಕ್ತಿ. ಅವನ ಕೈಯಲ್ಲಿ ಬಂದೂಕಿಲ್ಲ, ಉಳಿದವರು ಅವನನ್ನು ಸುತ್ತುವರಿದು ಈ ಬದುವಿನಿಂದ ಆ ಬದುವಿಗೆ ಸುರಕ್ಷಿತವಾಗಿ ಮುಟ್ಟಿಸಬೇಕು. ನಮ್ಮ ಕಡೆಯ ಗಣ್ಯ ನಾನಾದೆ. ಬದುಕಿನಲ್ಲಿ ಮೊದಲನೆಯ ಸಲ ಐದು ಮಂದಿ ಅಂಗರಕ್ಷಕರು. ನಡುದಾರಿಯಲ್ಲಿ ಬೆನ್ನಿಗೆ ಚುರ್ ಎಂದಿತು, ಹಳದಿ ಬಣ್ಣ ಹರಿಯಿತು. ತಿರುಗಿ ನೋಡಿದರೆ ಗಿರಿಜಾ.

"ನನ್ನ ಯಾಕ ಹೊಡದಿ? ನೀ ನನ್ನ ಕಡೆಯಾಕಿ!"

"ಅಡ್ಡ ನಿಂತಿದ್ರಿ. ಸರೀರಿ ಅಂದೆ, ಸರೀಲಿಲ್ಲ."

ಮೂವತ್ತೈದು ವರ್ಷದ ಸಂಸಾರವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ದಸ್ತಗೀರ ಮಾತ್ರ ಸಿಟ್ಟಾದ. "ವೈನಿ, ಅವನ್ನ ನನಗ ಬಿಡ್ರಿ," ಎಂದ. ಆ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಳೆದರು. ಆಮೇಲೆ ನಿಲುವಂಗಿ ಸ್ವಚ್ಛವಾಗಿತ್ತು. ಆಗಿತ್ತು ಎಂದು ರುಬೀನಾ ಹೇಳುತ್ತಾಳೆ.

ಇನ್ನೊಂದರಲ್ಲಿ ಪೆಟ್ಟು ತಿಂದವನು ಹೊರಗೆ ಹೋಗುವುದಿಲ್ಲ, ಹೊಡೆದವರ ಕಡೆ ಸೇರುತ್ತಾನೆ. ಕಾಲು ತಾಸಿನಲ್ಲಿ ಹನ್ನೆರಡೂ ಮಂದಿ ಒಂದೇ ಕಡೆ ಆಗಿ, ಎದುರಿಗೆ ಯಾರೂ ಇಲ್ಲದೆ, ಎಲ್ಲರೂ ಗೆದ್ದೆವೆಂದು ಕೈ ಎತ್ತಿ ಕೂಗಿದೆವು. ಈ ಆಟ ಯಾರಿಗೂ ಹೊಸದು ಅನ್ನಿಸಲಿಲ್ಲ. ಪೇಪರಿನಲ್ಲಿ ಓದುತ್ತಲೇ ಇರುತ್ತೇವಲ್ಲ.

ಊಟಕ್ಕೆ ಕೂತೆವು. ಗಿರಿಜಾ ತಂದ ರೊಟ್ಟಿ ಝುಣಕಾ, ದಸ್ತಗೀರನ ಮನೆಯ ಖಿಚಡಿ. ಊಟದ ಹೊತ್ತಿಗೆ ನಿಲುವಂಗಿ ಕಳಚಿಟ್ಟಿದ್ದೆನೋ, ಹಾಕಿಕೊಂಡೇ ಉಂಡೆನೋ, ಈಗ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುವುದಿಲ್ಲ. ಅದು ಗೊತ್ತಿದ್ದರೆ ಈ ಪ್ರಬಂಧ ಇಲ್ಲೇ ಮುಗಿಯುತ್ತಿತ್ತು.

ಕೊನೆಯದು ಬಾವುಟದ ಆಟ. ಇದರಲ್ಲೂ ಎರಡು ನಮೂನೆ. ಎರಡೂ ಕಡೆಗೆ ಒಂದೊಂದು ಬಾವುಟ ಇಟ್ಟು ಕದ್ದು ತರುವುದು ಒಂದು. ನಟ್ಟನಡುವೆ ಒಂದೇ ಬಾವುಟ ನೆಟ್ಟು, ಅದನ್ನು ಕಿತ್ತು ಎದುರಾಳಿಯ ಬದುವಿಗೆ ಮುಟ್ಟಿಸುವುದು ಇನ್ನೊಂದು. ರುಬೀನಾ ಎರಡನೆಯದನ್ನು ಆರಿಸಿದಳು. ಎರಡು ಬಾವುಟ ಹುಡುಕುವ ಧೈರ್ಯ ಅವಳಿಗಿರಲಿಲ್ಲ.

ಯಾಕೆಂದರೆ ನಮ್ಮ ಊರಲ್ಲಿ ಬಾವುಟ ಅಂದರೆ ಬರೀ ಬಟ್ಟೆಯಲ್ಲ. ಕೆಂಪು ಹಳದಿ ನೆಡೋಣ ಎಂದರು ಒಬ್ಬರು. ಅದಕ್ಕೆ ಗೋಲಿ ತಾಗಿದರೆ ನಾಳೆ ಇಲ್ಲಿ ಬೇರೆ ಆಟ ಶುರುವಾಗುತ್ತದೆ ಎಂದರು ಇನ್ನೊಬ್ಬರು. ಕೇಸರಿ ಬೇಡ, ಅದೂ ಹಾಗೇ. ಹಸಿರು ಎನ್ನುವಷ್ಟರಲ್ಲಿ ದಸ್ತಗೀರನೇ ಕೈ ಮುಗಿದ: "ನಮ್ಮ ಹುಡುಗಿ ಮೈದಾನ ನಡೀಬೇಕ್ರಪಾ." ನೀಲಿಗೂ ಯಾರೋ ಕೆಮ್ಮಿದರು. ಬಿಳಿಯದಾದರೆ ಆಡುವ ಮುಂಚೆಯೇ ಸೋತ ಹಾಗೆ. ಕೊನೆಗೆ ದಸ್ತಗೀರ ಚೀಲಕ್ಕೆ ಕೈ ಹಾಕಿ ತನ್ನ ಚೌಕುಳಿ ಲುಂಗಿ ತೆಗೆದ. ಯಾವ ಪಕ್ಷದ್ದೂ ಅಲ್ಲ, ಯಾವ ಭಾಷೆಯದ್ದೂ ಅಲ್ಲ, ಎಲ್ಲರ ಮನೆಯ ಹಗ್ಗದ ಮೇಲೂ ಇರುವಂಥದ್ದು. ಬಿದಿರಿಗೆ ಏರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಗಡಿ ತಕರಾರಿಗೆ ಅಷ್ಟು ಒಳ್ಳೆಯ ಪರಿಹಾರ ನನ್ನ ನೌಕರಿಯಲ್ಲಿ ನೋಡಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ಮಾತನ್ನು ಪೂರ್ತಿ ನಂಬಬೇಡಿ.

ಸ್ವಲ್ಪ ಹೊತ್ತಿಗೆ ನಮ್ಮ ಕಡೆ ನಾನು ಮತ್ತು ಗಿರಿಜಾ ಉಳಿದೆವು, ಅವರ ಕಡೆ ದಸ್ತಗೀರ ಒಬ್ಬನೇ. ಅವನು ಎಲ್ಲಿದ್ದಾನೆ ಎಂಬುದು ಕಾಣುತ್ತಿರಲಿಲ್ಲ, ಯಾವುದೋ ಗಾದಿಯ ಹಿಂದೆ ಇದ್ದ. ನಾನು ಬಿದಿರಿನಿಂದ ಲುಂಗಿ ಕಿತ್ತು ಹೆಗಲ ಮೇಲೆ ಹಾಕಿಕೊಂಡು ಓಡಿದೆ. ಓಡಿದೆ ಎಂದು ಬರೆದಿದ್ದೇನೆ. ಗಿರಿಜಾಳ ಪ್ರಕಾರ ಲಗೂನ ನಡೆದೆ. ಬದು ಹತ್ತು ಹೆಜ್ಜೆ ಇತ್ತು. ಅಷ್ಟರಲ್ಲಿ ದೇಸೂರ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು, ಎಲ್ಲರೂ ಅತ್ತ ತಿರುಗಿದರು, ರುಬೀನಾಳೂ ತಿರುಗಿದಳು. ಆಗಲೇ ನನ್ನ ಕುತ್ತಿಗೆಯ ಕೆಳಗೆ, ಬೆನ್ನಿಗೆ, ಠಪ್ ಎಂದಿತು.

ನಿಂತೆ. ಯಾರೂ ನೋಡಿರಲಿಲ್ಲ. ನನ್ನ ಬೆನ್ನು ನನಗೆ ಕಾಣುವುದಿಲ್ಲ. ಒಡೆಯಿತೋ ಇಲ್ಲವೋ ಗೊತ್ತಿಲ್ಲ, ನೇರ ಬಂತೋ ಗಾದಿಯಿಂದ ಬಂತೋ ಗೊತ್ತಿಲ್ಲ. ಹತ್ತು ಹೆಜ್ಜೆ ನಡೆದರೆ ಗೆಲುವು. ಆರನೆಯ ಇಯತ್ತೆಯ ಹುಡುಗ ಇದ್ದಿದ್ದರೆ ನಡೆದುಬಿಡುತ್ತಿದ್ದ.

ನಾನು ಕೈ ಎತ್ತಿದೆ. "ಬಡೀತು!" ಎಂದು ಕೂಗಿದೆ. ಧರ್ಮಬುದ್ಧಿಯಿಂದ ಎತ್ತಿದೆ ಎಂದು ಬರೆಯಲು ಚೆನ್ನಾಗಿರುತ್ತದೆ. ಉಸಿರು ಕಟ್ಟಿತ್ತು, ಮೊಣಕಾಲು ನೋಯುತ್ತಿತ್ತು, ಅದೂ ಒಂದು ಕಾರಣ ಇರಬಹುದು.

ರುಬೀನಾ ಸೀಟಿ ಊದುತ್ತ ಬಂದಳು. ನನ್ನನ್ನು ತಿರುಗಿಸಿ, ದಡಾರ ಎದ್ದ ಕೂಸನ್ನು ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದಳು. "ಕಾಕಾ, ಬಣ್ಣಾ ಎಲ್ಲೂ ಇಲ್ಲ."

"ಬಡದೈತಿ. ನನಗ ಗೊತ್ತಾತು."

"ಒಡದಿಲ್ಲ ಹಂಗಾರ. ಚಾಚಾ, ನೀವು ಹೊಡದ್ರ್ಯಾ?"

ಹೂವಿನ ಗಾದಿಯ ಹಿಂದಿನಿಂದ ದಸ್ತಗೀರ ಎದ್ದ. ಬಂದೂಕಿನ ಮೇಲಿನ ಡಬ್ಬಿಯನ್ನು ಬಿಚ್ಚಿ ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಂದು ಗೋಲಿಯೂ ಬೀಳಲಿಲ್ಲ.

"ನಂದು ಯಾವಾಗೋ ಖಾಲಿ ಆಗೈತಿ. ಸುಮ್ನ ಕುಂತಿದ್ದೆ, ಅಂವ ಹತ್ರ ಬಂದ್ರ ಬಾಯಿಲೆ ಠೋ ಅನ್ನೂಣು ಅಂತ."

ಎಲ್ಲರೂ ಗಿರಿಜಾಳ ಕಡೆ ತಿರುಗಿದರು.

"ನನ್ನ ಯಾಕ ನೋಡ್ತೀರಿ? ನಾ ಹೊಡದಿದ್ರ ಒಡೀತಿತ್ತು," ಎಂದಳು ಅವಳು.

ನನ್ನ ಹಿಂದೆ ನೆಲದ ಮೇಲೆ ಒಡೆಯದ ಗೋಲಿಗಳು ಐದಾರು ಬಿದ್ದಿದ್ದವು. ಎಲ್ಲ ಕಡೆಯೂ ಬಿದ್ದಿದ್ದವು. ರುಬೀನಾ ನಿಯಮ ಹೇಳಿದಳು: ಕೈ ಎತ್ತಿದ ಮೇಲೆ ಔಟ್. ಲುಂಗಿ ನನ್ನ ಹೆಗಲಿನಿಂದ ಕೆಳಗೆ ಬಂತು. ನಡುವಿನ ಬಿದಿರಿಗೆ ವಾಪಸು ಹೋಗುವ ಮುಂಚೆಯೇ ಗಿರಿಜಾ, "ನಂಗ ಸಾಕಾತು, ಚಾ ಎಲ್ಲೈತಿ," ಎಂದು ತಾನೇ ಕೈ ಎತ್ತಿಬಿಟ್ಟಳು. ಒಂದೂ ಗೋಲಿ ಇಲ್ಲದ ದಸ್ತಗೀರ ಗೆದ್ದ.

ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಮುಖವಾಡ ತೆಗೆದು ನನ್ನೆದುರು ನಿಂತ. ಗಡ್ಡದ ತುಂಬ ಬೆವರು.

"ನಾ ಒಗದ ಚೆಂಡಿಗೆ ಕೈ ಎತ್ತಲಿಲ್ಲ. ನಾ ಹೊಡೀಲಾರದ ಗೋಲಿಗೆ ಕೈ ಎತ್ತೀದಿ. ನಿನ್ನ ಜೋಡಿ ಹೆಂಗ ಆಡಬೇಕಲೇ ಮಗನ?"

ರುಬೀನಾ ಇಬ್ಬರನ್ನೂ ನೋಡಿದಳು. ಅವಳಿಗೆ ವಿಷಯ ಗೊತ್ತಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ನೇರವಾಗಿ ಕೇಳಿಯೇಬಿಟ್ಟಳು. "ಕಾಕಾ, ಸಾಲ್ಯಾಗ ಆವತ್ತು ಚೆಂಡು ಬಡದಿತ್ತೋ ಇಲ್ಲೋ?"

"ಬಡದಿರಬೇಕವಾ," ಎಂದೆ.

"ಇರಬೇಕು ಗಿರಬೇಕು ನಡ್ಯಾಂಗಿಲ್ಲ," ಎಂದ ದಸ್ತಗೀರ. "ಬಡದಿತ್ತು ಅನ್ನು. ಇಲ್ಲಾ, ಇಲ್ಲ ಅನ್ನು."

ಬಡಿದಿತ್ತು ಎನ್ನುವುದು ಎಷ್ಟು ಸುಲಭವಿತ್ತು. ನಾಲಿಗೆಯ ಮೇಲೇ ಇತ್ತು. ಆದರೆ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಮತ್ತೆ ಅದನ್ನೇ ಮಾಡಲೇ, ಈ ಸಲ ಬೇರೆ ಕಡೆಗೆ?

"ನನಗ ನೆನಪಿಲ್ಲ ದಸ್ತು. ಖರೇನ ನೆನಪಿಲ್ಲ. ಆವತ್ತೂ ನನಗ ಗೊತ್ತಿತ್ತೋ ಇಲ್ಲೋ, ಅದೂ ನೆನಪಿಲ್ಲ. ಆದ್ರ ಮಾಸ್ತರ ಮುಂದ ಬಡದಿಲ್ಲ ಅಂತ ಗಟ್ಟಿ ಹೇಳಿದ್ದು ನೆನಪೈತಿ. ಗೊತ್ತಿಲ್ರೀ ಸರ್ ಅನಬೇಕಾಗಿತ್ತು. ಅನ್ನಲಿಲ್ಲ. ಅದು ನನ್ನ ತಪ್ಪು."

ದೇಸಾಯರು ದೂರದಲ್ಲಿ ಕೆಂಪು ಗಾದಿಯನ್ನು ಒತ್ತಿ ನೋಡುತ್ತಿದ್ದರು.

"ಅಂದ್ರ ನಮ್ಮ ಚಾಚಾ ಸುಳ್ಳ ಅಲ್ಲ," ಎಂದಳು ರುಬೀನಾ.

"ಅಲ್ಲ."

"ಅಷ್ಟ ಸಾಕು."

"ಆಕಿಗೆ ಸಾಕು," ಎಂದ ದಸ್ತಗೀರ ಲುಂಗಿ ಕೊಡವುತ್ತ. "ನನಗ ಸಾಕು ಅಂತ ನಾ ಅಂದಿಲ್ಲ." ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದ. ಗಾದಿಯಂಗಡಿಯವನ ಮಡಿಕೆ, ನಾಲ್ಕೂ ಅಂಚು ಸರಿಯಾಗಿ ಕೂಡಿದ್ದವು.

ಆಮೇಲೆ ಒಂದು ತಿಂಗಳು ಅವನ ಫೋನು ಬರಲಿಲ್ಲ. ಬೆನ್ನು ತಣ್ಣಗಿತ್ತು. ನಿಜ ಹೇಳಬೇಕೆಂದರೆ ಸಹಿಸಲಾಗಲಿಲ್ಲ. ಕೊನೆಗೆ ನಾನೇ ಮಾಡಿದೆ. ಬೀಡಿಗೆ ಎರಡು ಗಾದಿ ಮುಟ್ಟಿಸಲಿಕ್ಕಿದೆ, ಬರ್ತೀಯಾ ಎಂದ. ಹೋದೆ.

ಗಾದಿ ಇಳಿಸಿ ಚಹದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ರಸ್ತೆಯ ಆಚೆಯಿಂದ ನಮ್ಮ ವಾರಿಗೆಯವನೊಬ್ಬ, ಹೆಸರು ಹೊಳೆಯುತ್ತಿಲ್ಲ, ಸೈಕಲ್ ನಿಲ್ಲಿಸಿ ಕೂಗಿದ: "ಏ ಸುಳ್ಳಾ! ಯಾವಾಗ ಬಂದಿ?"

ನನ್ನ ಕೈ ಮೇಲೆದ್ದಿತು.

ದೇಸೂರದ ಗದ್ದೆಯಲ್ಲಿ ಎದ್ದ ಹಾಗೆಯೇ, ಪೂರ್ತಿ, ಕಿವಿಯ ಪಕ್ಕಕ್ಕೆ ನೆಟ್ಟಗೆ. ಆ ಹೆಸರು ನನ್ನದು ಎಂದು ಹೇಳಬೇಕೆಂದು ಎತ್ತಿದೆನೆಂದು ಈಗ ಅನ್ನಿಸುತ್ತದೆ. ಆಗ ಏನು ಅನ್ನಿಸಿತ್ತೋ. ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು ನನ್ನ ಕೈ ನೋಡಿ, "ಎರಡು ಚಾ ಏನ್ರಿ?" ಎಂದ. ಸೈಕಲಿನವನು ಉತ್ತರಕ್ಕೆ ಕಾಯದೆ ಹೊರಟುಹೋದ. ಎರಡು ಚಹ ಬಂದವು. ಎತ್ತಿದ ಕೈಯನ್ನು ಇಳಿಸಿ ಲೋಟ ತೆಗೆದುಕೊಂಡೆ.

ದಸ್ತಗೀರ ಚಹ ಊದಿ ಊದಿ ಕುಡಿದ. ಅರ್ಧ ಲೋಟ ಆದಮೇಲೆ ನನ್ನ ಬೆನ್ನಿನ ಮೇಲೆ ಕೈ ಇಟ್ಟು, ಏನೋ ಹುಡುಕುವವನ ಹಾಗೆ ಕುತ್ತಿಗೆಯ ಕೆಳಗೆ ಒಮ್ಮೆ ಸವರಿದ. "ಸಕ್ರಿ ಭಾಳಾತು," ಎಂದ. ಅಷ್ಟೇ.

ಕೈ ಯಾಕೆ ಎತ್ತಿದೆ ಎಂಬುದು ಅವನಿಗೆ ತಿಳಿಯಿತೋ, ಚಹ ಹೇಳಲು ಎತ್ತಿದೆ ಎಂದುಕೊಂಡನೋ, ನಾನು ಕೇಳಲಿಲ್ಲ. ಅವನ ಫೋನು ಈಗ ಮತ್ತೆ ಬರುತ್ತದೆ. ಗಾದಿ, ರುಬೀನಾ, ಮಂಡಿ ನೋವು ಎಲ್ಲ ಮಾತಾಡುತ್ತಾನೆ, ಆ ಒಂದು ಪ್ರಶ್ನೆ ಕೇಳುವುದಿಲ್ಲ. ಮರೆತನೋ, ಬಿಟ್ಟನೋ, ಅದೂ ತಿಳಿಯದು. ಅಂಗಿ ಇನ್ನೂ ಕುರ್ಚಿಯ ಬೆನ್ನಿನ ಮೇಲಿದೆ. ರುಬೀನಾ ಆವತ್ತು ನೋಡಿದ್ದು ನಿಲುವಂಗಿಯನ್ನು, ಅದರೊಳಗಿನ ಕಾಲರನ್ನಲ್ಲ. ಬಚ್ಚಲು ಹತ್ತು ಹೆಜ್ಜೆ. ಗಿರಿಜಾ ಸೋಪಿನ ತುಂಡನ್ನು ತಂದು ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇಟ್ಟು ಹೋಗಿದ್ದಾಳೆ. ನಾನು ಹಚ್ಚಿ ನೋಡಿಲ್ಲ. ದೇಸೂರದಲ್ಲಿ ನನಗೆ ಬಡಿದದ್ದು ಏನೆಂದು ಗೊತ್ತಿಲ್ಲ. ಬೀಡಿಯಲ್ಲಿ ಚೆಂಡು ಬಡಿದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.